ಪ್ಯಾಕರ್ಸ್ ಆಡಳಿತ ರಿಸೀವರ್‌ಗಳನ್ನು ಕಡೆಗಣಿಸಿತೇ?

ಪ್ರಶ್ನೆ: ನಾನು ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿದ್ದೇನೆ, ಬಹಳ ವರ್ಷಗಳಿಂದ ಗ್ರೀನ್ ಬೇ ಪ್ಯಾಕರ್ಸ್ ತಂಡದ ಅಭಿಮಾನಿ. ಆರನ್ ರಾಜರ್ಸ್ ಅವರಂಥ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವ ಆಟಗಾರ) ಇದ್ದಷ್ಟು ಕಾಲ ಈ ತಂಡದ ಆಡಳಿತ, ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ, ಎಸೆದ ಚೆಂಡನ್ನು ಓಡಿ ಹಿಡಿಯುವ ಒಬ್ಬ ರಿಸೀವರ್‌ನನ್ನೂ ಆರಿಸಲಿಲ್ಲ. ಇದ್ದ ಒಬ್ಬ ದವಾಂಟೆ ಆಡಮ್ಸ್ ಅವರನ್ನೂ 2022ರಲ್ಲಿ ಬಿಟ್ಟುಕೊಟ್ಟಿತು. ರಾಜರ್ಸ್ ಹೊರಟುಹೋದ ಮೇಲೆ, 2025ರಲ್ಲಿ, ಮ್ಯಾಥ್ಯೂ ಗೋಲ್ಡನ್ ಅವರನ್ನು ಮೊದಲ ಸುತ್ತಿನಲ್ಲಿ ಆರಿಸಿತು. ಇದು ಹಳೆಯ ತಪ್ಪನ್ನು ತಡವಾಗಿ ಒಪ್ಪಿಕೊಂಡಂತೆ ಅಲ್ಲವೇ? ಈ ಆಡಳಿತವನ್ನು ನೀವು ಹೇಗೆ ಸಮರ್ಥಿಸುತ್ತೀರಿ?

ಉತ್ತರ: ಹಿಂದೆಯೂ ಸಮರ್ಥಿಸಿದ್ದೇನೆ, ಈಗಲೂ ಸಮರ್ಥಿಸುತ್ತೇನೆ, ಆದರೆ ಎಲ್ಲವನ್ನೂ ಅಲ್ಲ. ನೀವು ಮುಂದಿಟ್ಟಿರುವ ಸಂಗತಿಗಳಲ್ಲಿ ತಪ್ಪಿಲ್ಲ. 2002ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಜವಾನ್ ವಾಕರ್ ಅವರನ್ನು 20ನೆಯ ಆಯ್ಕೆಯಾಗಿ ತೆಗೆದುಕೊಂಡ ಮೇಲೆ, 2025ರವರೆಗಿನ 22 ಡ್ರಾಫ್ಟ್‌ಗಳಲ್ಲಿ ಪ್ಯಾಕರ್ಸ್ ಮೊದಲ ಸುತ್ತಿನಲ್ಲಿ ರಿಸೀವರ್‌ನ ಹೆಸರು ಓದಿಸಲಿಲ್ಲ. ನನ್ನ ತಕರಾರು ಇರುವುದು ಇದರಿಂದ ನೀವು ತೆಗೆಯುವ ತೀರ್ಮಾನದ ಬಗ್ಗೆ. ಮೊದಲ ಸುತ್ತಿನಲ್ಲಿ ಆರಿಸದಿರುವುದು ಬೇರೆ, ಆ ಸ್ಥಾನವನ್ನು ಕಡೆಗಣಿಸುವುದು ಬೇರೆ. ಗ್ರೀನ್ ಬೇ ಕಚೇರಿ ರಿಸೀವರ್‌ಗಳ ಮೇಲೆ ಮೊದಲ ಸುತ್ತಿನ ಆಯ್ಕೆಯನ್ನಾಗಲಿ, ಮೂವತ್ತು ತುಂಬುತ್ತಿರುವ ಆಟಗಾರನಿಗೆ ಕೊಡಬೇಕಾದ ದೊಡ್ಡ ಮೊತ್ತವನ್ನಾಗಲಿ ಹಾಕಲು ಹಿಂಜರಿಯಿತು ನಿಜ. ಅದಕ್ಕೆ ಬದಲಾಗಿ ಎರಡನೆಯ ಸುತ್ತಿನ ಆಯ್ಕೆಗಳನ್ನೂ, ಆಟಗಾರ ಪಳಗಲು ಬೇಕಾದ ಎರಡು ಮೂರು ವರ್ಷಗಳ ಕಾಲವನ್ನೂ ಧಾರಾಳವಾಗಿ ಹಾಕಿತು. ನಾನು ಸಮರ್ಥಿಸುವುದು ಈ ಕ್ರಮವನ್ನು.

ಅಮೆರಿಕದ ಫುಟ್‌ಬಾಲ್ ಅಷ್ಟಾಗಿ ಪರಿಚಯವಿಲ್ಲದ ಓದುಗರಿಗಾಗಿ ಒಂದೆರಡು ಮಾತು ಹೇಳಿ ಮುಂದುವರಿಯುತ್ತೇನೆ. ನಮ್ಮ ಐಪಿಎಲ್ ಹರಾಜಿನಲ್ಲಿ ಕೈಯಲ್ಲಿ ಹಣ ಉಳಿಸಿಕೊಂಡ ತಂಡ ಯಾವ ಆಟಗಾರನನ್ನಾದರೂ ಕೂಗಿ ಪಡೆಯಬಹುದು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ ಹಾಗಿಲ್ಲ. ಹಿಂದಿನ ಋತುವಿನಲ್ಲಿ ತೀರ ಕೆಳಗಿದ್ದ ತಂಡಕ್ಕೆ ಮೊದಲ ಸರದಿ, ಚಾಂಪಿಯನ್ ತಂಡಕ್ಕೆ ಸುತ್ತಿನ ಕೊನೆಯ ಸರದಿ. ಏಳು ಸುತ್ತುಗಳು, ಪ್ರತಿ ಸುತ್ತಿಗೂ 32 ತಂಡಗಳು. ಆಯ್ಕೆಯಾದ ಹುಡುಗನ ಮೊದಲ ನಾಲ್ಕು ವರ್ಷಗಳ ವೇತನ ಅವನ ಸರದಿಗೆ ತಕ್ಕಂತೆ ಹೆಚ್ಚುಕಡಿಮೆ ಮೊದಲೇ ನಿಗದಿಯಾಗಿರುತ್ತದೆ ಮತ್ತು ಅದು ಅಗ್ಗದ ವೇತನ. ಇದರ ಜೊತೆಗೆ ಪ್ರತಿ ತಂಡವೂ ತನ್ನ ಎಲ್ಲ ಆಟಗಾರರಿಗೆ ಸೇರಿ ವರ್ಷಕ್ಕೆ ಇಷ್ಟೇ ಖರ್ಚು ಮಾಡಬೇಕೆಂಬ ಮಿತಿಯುಂಟು. 2022ರಲ್ಲಿ ಅದು 20.82 ಕೋಟಿ ಡಾಲರ್ ಇತ್ತು, 2024ರ ಹೊತ್ತಿಗೆ 25.54 ಕೋಟಿಗೆ ಏರಿತು. ಒಬ್ಬನಿಗೆ ಕೊಟ್ಟ ಹಣ ಇನ್ನೊಬ್ಬನಿಗೆ ಸಿಗುವುದಿಲ್ಲ. ಆಡಳಿತದ ಯಾವ ತೀರ್ಮಾನವನ್ನು ತೂಗುವಾಗಲೂ ಆ ಆಟಗಾರ ಒಳ್ಳೆಯವನೇ ಎಂದು ಕೇಳಿದರೆ ಸಾಲದು. ಆ ಸರದಿಗೆ, ಆ ಬೆಲೆಗೆ, ಆ ವಯಸ್ಸಿಗೆ ಒಳ್ಳೆಯವನೇ ಎಂದು ಕೇಳಬೇಕು.

ಈಗ ಪ್ಯಾಕರ್ಸ್ ಏನು ಮಾಡಿತೆಂದು ನೋಡೋಣ. 2005ರಲ್ಲಿ ಜನರಲ್ ಮ್ಯಾನೇಜರ್ ಆದ ಟೆಡ್ ಥಾಂಪ್ಸನ್, 2006ರ ಎರಡನೆಯ ಸುತ್ತಿನಲ್ಲಿ ಗ್ರೆಗ್ ಜೆನಿಂಗ್ಸ್, 2007ರ ಮೂರನೆಯ ಸುತ್ತಿನಲ್ಲಿ ಜೇಮ್ಸ್ ಜೋನ್ಸ್, 2008ರ ಎರಡನೆಯ ಸುತ್ತಿನಲ್ಲಿ ಜೋರ್ಡಿ ನೆಲ್ಸನ್, 2011ರ ಎರಡನೆಯ ಸುತ್ತಿನಲ್ಲಿ ರ‍್ಯಾಂಡಲ್ ಕಾಬ್, 2014ರ ಎರಡನೆಯ ಸುತ್ತಿನಲ್ಲಿ ದವಾಂಟೆ ಆಡಮ್ಸ್ ಅವರನ್ನು ತಂದರು. ಒಂಬತ್ತು ವರ್ಷಗಳಲ್ಲಿ ಎರಡನೆಯ ಸುತ್ತಿನ ನಾಲ್ಕು ಆಯ್ಕೆಗಳನ್ನು ಈ ಒಂದು ಸ್ಥಾನದ ಮೇಲೆ ಹೂಡಿ ನಾಲ್ಕರಲ್ಲೂ ಗೆದ್ದ ಆಡಳಿತವನ್ನು ‘ರಿಸೀವರ್‌ಗಳನ್ನು ಮರೆತ ಆಡಳಿತ’ ಎನ್ನುವುದು ಹೇಗೆ? ಇವರ ಜೊತೆಗೆ, 1999ರಲ್ಲಿ ಏಳನೆಯ ಸುತ್ತಿನಲ್ಲಿ, 213ನೆಯವರಾಗಿ ಬಂದು, ಚೆಂಡು ಹಿಡಿದು ಒಟ್ಟು ಹತ್ತು ಸಾವಿರ ಯಾರ್ಡ್ (ಗಜ) ದಾಟಿದ ಡೊನಾಲ್ಡ್ ಡ್ರೈವರ್ ಆಗ ಇನ್ನೂ ಆಡುತ್ತಿದ್ದರು.

ಇವುಗಳಲ್ಲಿ ಎರಡು ಆಯ್ಕೆಗಳ ಹಿಂದಿನ ಲೆಕ್ಕಾಚಾರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2006ರಲ್ಲಿ ಪ್ಯಾಕರ್ಸ್‌ಗೆ 36ನೆಯ ಸರದಿ ಇತ್ತು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಚಾಡ್ ಜಾಕ್ಸನ್ ಎಂಬ ರಿಸೀವರ್ ಬೇಕೆಂದು ಆ ಸರದಿಯನ್ನು ಕೇಳಿ, ಬದಲಿಗೆ 52 ಮತ್ತು 75ನೆಯ ಸರದಿಗಳನ್ನು ಕೊಟ್ಟಿತು. ಥಾಂಪ್ಸನ್ ಹದಿನಾರು ಸ್ಥಾನ ಕೆಳಗಿಳಿದು 52ರಲ್ಲಿ ಜೆನಿಂಗ್ಸ್ ಅವರನ್ನು ತೆಗೆದುಕೊಂಡರು. ಜಾಕ್ಸನ್ ಹೆಸರು ಇಂದು ಯಾರಿಗೂ ನೆನಪಿಲ್ಲ. ಜೆನಿಂಗ್ಸ್ 2011ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗ್‌ನ ಅಂತಿಮ ಪಂದ್ಯದಲ್ಲಿ, ಎರಡು ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆಯಾಚೆ ಚೆಂಡು ಒಯ್ದು ಅಥವಾ ಹಿಡಿದು ಗಳಿಸುವ ಅಂಕ) ಹಿಡಿದರು. 2008ರಲ್ಲಿ ಪ್ಯಾಕರ್ಸ್ ಕೈಯಲ್ಲಿ ಮೊದಲ ಸುತ್ತಿನ 30ನೆಯ ಸರದಿಯೇ ಇತ್ತು. ಅದನ್ನು ಜೆಟ್ಸ್ ತಂಡಕ್ಕೆ ಕೊಟ್ಟು, 36ಕ್ಕೆ ಇಳಿದು, ಜೊತೆಗೆ ನಾಲ್ಕನೆಯ ಸುತ್ತಿನ ಒಂದು ಆಯ್ಕೆಯನ್ನೂ ಪಡೆದು ನೆಲ್ಸನ್ ಅವರನ್ನು ಆರಿಸಿತು. ಆ ವರ್ಷ ಮೊದಲ ಸುತ್ತಿನಲ್ಲಿ ಯಾವ ತಂಡವೂ ರಿಸೀವರ್‌ನನ್ನು ಆರಿಸಿರಲಿಲ್ಲ. ಇಳಿಯದೆ 30ರಲ್ಲೇ ನೆಲ್ಸನ್ ಅವರನ್ನು ತೆಗೆದುಕೊಂಡಿದ್ದರೆ ‘ಮೊದಲ ಸುತ್ತಿನ ರಿಸೀವರ್’ ಎಂಬ ನಿಮ್ಮ ಬೇಡಿಕೆ ಈಡೇರುತ್ತಿತ್ತು. ಆದರೆ ಅದೇ ಆಟಗಾರನಿಗೆ ಹೆಚ್ಚು ಬೆಲೆ ತೆತ್ತಂತಾಗುತ್ತಿತ್ತು. ಆ ಸೂಪರ್ ಬೌಲ್‌ನಲ್ಲಿ ಪಿಟ್ಸ್‌ಬರ್ಗ್ ವಿರುದ್ಧ ನೆಲ್ಸನ್ ಒಂಬತ್ತು ಚೆಂಡು ಹಿಡಿದು 140 ಯಾರ್ಡ್ ಗಳಿಸಿದರು.

ಅದೇ ಕಾಲದಲ್ಲಿ ಮೊದಲ ಸುತ್ತಿನಲ್ಲಿ ರಿಸೀವರ್‌ಗಳನ್ನು ಆರಿಸಿದ ತಂಡಗಳ ಪಾಡೇನಾಯಿತೆಂದೂ ನೋಡಬೇಕಲ್ಲವೇ? 2015ರಲ್ಲಿ ಚಿಕಾಗೋ ಬೇರ್ಸ್ ಏಳನೆಯ ಸರದಿಯಲ್ಲಿ ಕೆವಿನ್ ವೈಟ್ ಅವರನ್ನು ಆರಿಸಿತು. ಅದೇ ಡ್ರಾಫ್ಟ್‌ನ 146ನೆಯವರು ಸ್ಟೆಫಾನ್ ಡಿಗ್ಸ್. 2016ರ ಮೊದಲ ಸುತ್ತಿನ ನಾಲ್ವರು ರಿಸೀವರ್‌ಗಳು ಕೋರಿ ಕೋಲ್ಮನ್, ವಿಲ್ ಫುಲ್ಲರ್, ಜಾಶ್ ಡಾಕ್ಟ್‌ಸನ್ ಮತ್ತು ಲಕ್ವಾನ್ ಟ್ರೆಡ್‌ವೆಲ್. ಅವರಲ್ಲಿ ಫುಲ್ಲರ್ ಒಬ್ಬರನ್ನು ಬಿಟ್ಟರೆ ಹೇಳಿಕೊಳ್ಳುವಂಥವರಿಲ್ಲ. ಆ ವರ್ಷದ ನಿಜವಾದ ರಿಸೀವರ್‌ಗಳಾದ ಮೈಕಲ್ ಥಾಮಸ್ ಎರಡನೆಯ ಸುತ್ತಿನಲ್ಲೂ ಟೈರೀಕ್ ಹಿಲ್ ಐದನೆಯ ಸುತ್ತಿನಲ್ಲೂ ಸಿಕ್ಕರು. 2017ರಲ್ಲಿ ಸಿನ್ಸಿನಾಟಿ ಒಂಬತ್ತನೆಯ ಸರದಿಯನ್ನು ಜಾನ್ ರಾಸ್ ಅವರ ಓಟದ ವೇಗಕ್ಕೆ ಮರುಳಾಗಿ ಕಳೆದುಕೊಂಡಿತು; ಕೂಪರ್ ಕಪ್ 69ರವರೆಗೂ ಕ್ರಿಸ್ ಗಾಡ್ವಿನ್ 84ರವರೆಗೂ ಕಾದರು. 2020ರಲ್ಲಿ ಫಿಲಡೆಲ್ಫಿಯಾ 21ರಲ್ಲಿ ಜೇಲನ್ ರೇಗರ್ ಅವರನ್ನು ಆರಿಸಿದ ಮರುಕ್ಷಣವೇ, 22ರಲ್ಲಿ, ಮಿನ್ನೆಸೋಟ ಜಸ್ಟಿನ್ ಜೆಫರ್‌ಸನ್ ಅವರನ್ನು ಎತ್ತಿಕೊಂಡಿತು. ಮೊದಲ ಸುತ್ತಿನಲ್ಲಿ ಅಪ್ರತಿಮರೂ ಬಂದಿದ್ದಾರೆ, ನಿಜ. ಆದರೆ ಆ ಅಪ್ರತಿಮರಲ್ಲಿ ಹೆಚ್ಚಿನವರು ಮೊದಲ ಹತ್ತು ಹನ್ನೆರಡು ಸರದಿಗಳೊಳಗೇ ಹೋದವರು. ಹೆಚ್ಚಿನ ವರ್ಷಗಳಲ್ಲಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಪಂದ್ಯ ಗೆಲ್ಲುತ್ತಿದ್ದ ಪ್ಯಾಕರ್ಸ್‌ನ ಸರದಿ ಬರುವುದು ಇಪ್ಪತ್ತೈದರ ಆಚೀಚೆ. ಅಲ್ಲಿ ಸಿಗುವ ರಿಸೀವರ್‌ಗೂ 50ರಲ್ಲಿ ಸಿಗುವ ರಿಸೀವರ್‌ಗೂ ಇರುವ ಅಂತರ ಸಣ್ಣದು ಎಂಬುದೇ ಗ್ರೀನ್ ಬೇಯ ನಂಬಿಕೆ. ಮೇಲಿನ ಪಟ್ಟಿ ಆ ನಂಬಿಕೆಗೆ ಸಾಕಷ್ಟು ಆಧಾರ ಕೊಡುತ್ತದೆ.

ಕಾಲ ಕೊಡುವುದರ ಬಗ್ಗೆ ಹೇಳಿದೆ. ಅದಕ್ಕೆ ಆಡಮ್ಸ್ ಅವರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 2014ರ ಡ್ರಾಫ್ಟ್‌ನಲ್ಲಿ ಎಂಟು ರಿಸೀವರ್‌ಗಳು ಹೋದ ಮೇಲೆ, 53ನೆಯ ಸರದಿಯಲ್ಲಿ ಆಡಮ್ಸ್ ಬಂದರು. ಮೊದಲ ವರ್ಷ 38 ಚೆಂಡು, 446 ಯಾರ್ಡ್. 2015ರ ಅಭ್ಯಾಸ ಪಂದ್ಯವೊಂದರಲ್ಲಿ ನೆಲ್ಸನ್ ಅವರ ಮಂಡಿಯ ಅಸ್ಥಿರಜ್ಜು ಹರಿದು ಇಡೀ ಋತು ಅವರಿಗೆ ತಪ್ಪಿದಾಗ ಆಡಮ್ಸ್ ಅವರ ಮೇಲೆ ಹೊರೆ ಬಿತ್ತು. ಅವರು ಕಾಲಿನ ಗಾಯದೊಂದಿಗೆ ಆಡಿ 50 ಚೆಂಡು ಹಿಡಿದು 483 ಯಾರ್ಡ್ ಗಳಿಸಿದರು, ಟಚ್‌ಡೌನ್ ಒಂದೇ ಒಂದು. ಕೈಗೆ ಬಂದ ಚೆಂಡುಗಳನ್ನು ನೆಲಕ್ಕೆ ಹಾಕಿದ್ದು ಹಲವು ಬಾರಿ. ಆ ಚಳಿಗಾಲದಲ್ಲಿ ಇವರನ್ನು ಬಿಟ್ಟುಬಿಡಿ ಎಂದು ಹೇಳದ ಅಭಿಮಾನಿಗಳೇ ವಿರಳ. ಆಡಳಿತ ಬಿಡಲಿಲ್ಲ. 2016ರಲ್ಲಿ ಅವರು 997 ಯಾರ್ಡ್ ಮತ್ತು 12 ಟಚ್‌ಡೌನ್ ಗಳಿಸಿದರು, 2017ರ ಡಿಸೆಂಬರ್‌ನಲ್ಲಿ ನಾಲ್ಕು ವರ್ಷಕ್ಕೆ 5.8 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದರು, 2020ರಲ್ಲಿ 18 ಟಚ್‌ಡೌನ್ ಹಿಡಿದರು, 2021ರಲ್ಲಿ 123 ಚೆಂಡು ಹಿಡಿದು 1,553 ಯಾರ್ಡ್ ಗಳಿಸಿ ತಂಡದ ಎರಡೂ ದಾಖಲೆಗಳನ್ನು ಮುರಿದರು. ಬೆಳೆದದ್ದು ಎಲ್ಲಿ ಎಂದರೆ, ಸಾಲಿನಿಂದ ಹೊರಡುವ ಮೊದಲ ಎರಡು ಮೂರು ಹೆಜ್ಜೆಗಳಲ್ಲಿ. ರಿಸೀವರ್‌ನನ್ನು ಕಾಯುವ ಎದುರಾಳಿ ಕಾರ್ನರ್‌ಬ್ಯಾಕ್ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರೂ ಆಡಮ್ಸ್ ನಿಂತಲ್ಲೇ ಪಾದಗಳನ್ನು ಕುಣಿಸಿ, ಭುಜವನ್ನು ಒಂದು ಕಡೆಗೆ ವಾಲಿಸಿ, ಅವನ ಸೊಂಟ ಆ ಕಡೆ ತಿರುಗಿದ ಗಳಿಗೆಯಲ್ಲಿ ಇನ್ನೊಂದು ಕಡೆಯಿಂದ ನುಸುಳಿ ಹೋಗುತ್ತಿದ್ದರು. ಚೆಂಡು ರಾಜರ್ಸ್ ಕೈಬಿಡುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತಿತ್ತು. ಇದು ಡ್ರಾಫ್ಟ್ ದಿನ ಗಡಿಯಾರ ಹಿಡಿದು ಅಳೆಯಲು ಬರುವ ಗುಣವಲ್ಲ.

ಇನ್ನು ನಿಮ್ಮ ದೂರಿನ ತಿರುಳು, ರಾಜರ್ಸ್ ಅವರ ಒಳ್ಳೆಯ ವರ್ಷಗಳು ವ್ಯರ್ಥವಾದವು ಎಂಬುದು. ವ್ಯರ್ಥವಾದವು ಎಂಬುದನ್ನು ನಾನೂ ಒಪ್ಪುತ್ತೇನೆ, ಒಂದೇ ಸೂಪರ್ ಬೌಲ್ ಆ ಪ್ರತಿಭೆಗೆ ಕಡಿಮೆಯೇ. ಆದರೆ ರಿಸೀವರ್‌ಗಳ ಕೊರತೆಯಿಂದ ವ್ಯರ್ಥವಾದವೇ? 2011, 2014, 2020, ಈ ಮೂರು ಋತುಗಳಲ್ಲಿ ಇಡೀ ಲೀಗ್‌ನಲ್ಲೇ ಅತಿ ಹೆಚ್ಚು ಅಂಕ ಗಳಿಸಿದ ತಂಡ ಪ್ಯಾಕರ್ಸ್. ಸೋತ ನಾಕೌಟ್ ಪಂದ್ಯಗಳ ಅಂಕಪಟ್ಟಿಯನ್ನೇ ತೆಗೆದು ನೋಡಿ. 2010ರ ಜನವರಿಯಲ್ಲಿ ಅರಿಜೋನ ವಿರುದ್ಧ 45 ಅಂಕ ಗಳಿಸಿಯೂ ಸೋತರು, ಏಕೆಂದರೆ 51 ಬಿಟ್ಟುಕೊಟ್ಟಿದ್ದರು. 2013ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ವಾರ್ಟರ್‌ಬ್ಯಾಕ್ ಕಾಲಿನ್ ಕೇಪರ್ನಿಕ್ ತಮ್ಮ ಕಾಲಿನಿಂದಲೇ 181 ಯಾರ್ಡ್ ಓಡಿದರು, 45-31. 2015ರ ಜನವರಿಯಲ್ಲಿ ಸಿಯಾಟಲ್‌ನಲ್ಲಿ ಕೊನೆಯ ಐದು ನಿಮಿಷ ಉಳಿದಾಗ 19-7ರಿಂದ ಮುಂದಿದ್ದ ಪಂದ್ಯ, ಎದುರಾಳಿಯ ಆನ್‌ಸೈಡ್ ಕಿಕ್ (ಚೆಂಡನ್ನು ಮತ್ತೆ ತಾನೇ ಪಡೆಯಲೆಂದು ಒದೆಯುವ ಸಣ್ಣ ಒದೆತ) ಅನ್ನು ಹಿಡಿಯಲಾಗದೆ ಕೈಜಾರಿತು. 2017ರ ಜನವರಿಯಲ್ಲಿ ಅಟ್ಲಾಂಟಾ 44 ಅಂಕ ಹೊಡೆಯಿತು. 2020ರ ಜನವರಿಯಲ್ಲಿ ರಹೀಮ್ ಮೋಸ್ಟರ್ಟ್ ಎಂಬ ಓಟಗಾರ 220 ಯಾರ್ಡ್ ಓಡಿ ನಾಲ್ಕು ಟಚ್‌ಡೌನ್ ಗಳಿಸಿದರು. ಈ ಸೋಲುಗಳಲ್ಲಿ ಯಾವುದನ್ನು ಇನ್ನೊಬ್ಬ ರಿಸೀವರ್ ತಪ್ಪಿಸಬಹುದಿತ್ತು?

ಹಾಗಾದರೆ ಮೊದಲ ಸುತ್ತಿನ ಆಯ್ಕೆಗಳನ್ನು ರಕ್ಷಣೆಗೆ ಹಾಕಿದ್ದು ಸರಿಯಾದ ರೋಗಕ್ಕೆ ಸರಿಯಾದ ಮದ್ದೇ. ಮದ್ದು ಕೆಲಸ ಮಾಡಲಿಲ್ಲ, ಅದು ಬೇರೆ ದೂರು, ಮತ್ತು ನ್ಯಾಯವಾದ ದೂರು. 2013ರ ಡೇಟೋನ್ ಜೋನ್ಸ್, 2015ರ ಡಮೇರಿಯಸ್ ರ‍್ಯಾಂಡಲ್ ನಿರೀಕ್ಷೆಗೆ ತಕ್ಕಂತೆ ಬೆಳೆಯಲಿಲ್ಲ. 2017ರದ್ದಂತೂ ನಿಮ್ಮ ಊರಿನವರಿಗೆ ಹೇಳಬೇಕಾಗಿಯೇ ಇಲ್ಲ. ಆ ವರ್ಷ 29ನೆಯ ಸರದಿಯಲ್ಲಿ ಕುಳಿತಿದ್ದ ಪ್ಯಾಕರ್ಸ್, ಮ್ಯಾಡಿಸನ್‌ನಲ್ಲೇ ಓದಿ ಆಡಿದ ರಕ್ಷಣೆಯ ಆಟಗಾರ ಟಿ.ಜೆ. ವಾಟ್ ಕಣ್ಣೆದುರಿಗಿರುವಾಗ, ಆ ಸರದಿಯನ್ನು ಕ್ಲೀವ್‌ಲ್ಯಾಂಡ್‌ಗೆ ಮಾರಿ 33ಕ್ಕೆ ಇಳಿಯಿತು. 30ರಲ್ಲಿ ಪಿಟ್ಸ್‌ಬರ್ಗ್ ವಾಟ್ ಅವರನ್ನು ಎತ್ತಿಕೊಂಡಿತು. ಪ್ಯಾಕರ್ಸ್ 33ರಲ್ಲಿ ಆರಿಸಿದ ಕೆವಿನ್ ಕಿಂಗ್, 2021ರ ಜನವರಿಯ ಎನ್‌ಎಫ್‌ಸಿ ಫೈನಲ್‌ನಲ್ಲಿ (ಸೂಪರ್ ಬೌಲ್‌ಗೆ ಮುಂಚಿನ ಪಂದ್ಯ) ಮೊದಲರ್ಧ ಮುಗಿಯಲು ಒಂದೇ ಸೆಕೆಂಡ್ ಉಳಿದಿರುವಂತೆ ಟಾಂಪಾ ಬೇಯ ಸ್ಕಾಟಿ ಮಿಲ್ಲರ್ ಅವರನ್ನು ಹಿಂದೆ ಹೋಗಲು ಬಿಟ್ಟು 39 ಯಾರ್ಡ್‌ಗಳ ಟಚ್‌ಡೌನ್ ಕೊಟ್ಟರು; ಕೊನೆಯಲ್ಲಿ ಎದುರಾಳಿಯ ಅಂಗಿ ಹಿಡಿದೆಳೆದು ದಂಡಕ್ಕೆ ಗುರಿಯಾಗಿ ಪಂದ್ಯವನ್ನೇ ಮುಗಿಸಿದರು. ಸೋಲು 31-26ರಿಂದ. ಆಡಳಿತದ ಮೇಲೆ ಸಿಟ್ಟು ಮಾಡಿಕೊಳ್ಳುವವರು ಆ 29ನೆಯ ಸರದಿಯ ಮೇಲೆ ಮಾಡಿಕೊಳ್ಳಲಿ. ನಾನೂ ಜೊತೆಗೆ ನಿಲ್ಲುತ್ತೇನೆ.

ಅದೇ ಪಂದ್ಯದಲ್ಲಿ ಐದನೆಯ ಸುತ್ತಿನಲ್ಲಿ ಸಿಕ್ಕಿದ್ದ ಮಾರ್ಕೇಝ್ ವಾಲ್ಡೆಸ್-ಸ್ಕ್ಯಾಂಟ್ಲಿಂಗ್ ನಾಲ್ಕು ಚೆಂಡು ಹಿಡಿದು 115 ಯಾರ್ಡ್ ಗಳಿಸಿದರು. ನ್ಯಾಯವಾಗಿ ಹೇಳಬೇಕೆಂದರೆ, ಆರನೆಯ ಸುತ್ತಿನ ಇಕ್ವಾನಿಮಿಯಸ್ ಸೇಂಟ್ ಬ್ರೌನ್ ಎರಡು ಅಂಕದ ಪ್ರಯತ್ನದಲ್ಲಿ ಕೈಗೆ ಬಂದ ಚೆಂಡನ್ನು ಬಿಟ್ಟದ್ದೂ ಅಲ್ಲಿಯೇ. ಇಲ್ಲಿಗೆ ನಿಮ್ಮ ವಾದ ಗಟ್ಟಿಯಾಗುವ ಜಾಗಕ್ಕೆ ಬಂದೆವು. ಥಾಂಪ್ಸನ್ ಅವರ ನಂತರ 2018ರಲ್ಲಿ ಬಂದ ಬ್ರಯನ್ ಗುಟಕುನ್ಸ್ಟ್, ನೆಲ್ಸನ್ ಅವರನ್ನು ಬಿಟ್ಟು, ಆ ಜಾಗಕ್ಕೆ ನಾಲ್ಕು, ಐದು, ಆರನೆಯ ಸುತ್ತುಗಳಲ್ಲಿ ಮೂವರನ್ನು ತಂದರು. ನೆಲ್ಸನ್ ಅವರನ್ನು ಬಿಟ್ಟದ್ದು ತಪ್ಪೆನ್ನಲಾರೆ; ಅವರಿಗೆ ಆಗ 32, ರೈಡರ್ಸ್ ತಂಡದಲ್ಲಿ ಒಂದು ಋತು ಆಡಿ ನಿವೃತ್ತರಾದರು. ಆದರೆ ಥಾಂಪ್ಸನ್ ಅವರ ಕ್ರಮದ ಜೀವ ಇದ್ದದ್ದು ಎರಡನೆಯ ಸುತ್ತಿನಲ್ಲಿ. ಅದನ್ನು ಬಿಟ್ಟು ಕೆಳಗಿನ ಸುತ್ತುಗಳಲ್ಲಿ ಮೂರು ಚೀಟಿ ಎತ್ತಿ ನೋಡಿದ್ದು ಅದೇ ಕ್ರಮವಲ್ಲ. 2014ರ ಆಡಮ್ಸ್ ನಂತರ 2022ರವರೆಗೆ ಮೊದಲ ಎರಡು ಸುತ್ತುಗಳಲ್ಲಿ ಒಬ್ಬ ರಿಸೀವರ್‌ನೂ ಬರಲಿಲ್ಲ. ಮೂರನೆಯ ಸುತ್ತಿನಲ್ಲಿ 2021ರಲ್ಲಿ ತಂದ ಅಮಾರಿ ರಾಜರ್ಸ್ ಫಲಿಸಲಿಲ್ಲ. ಈ ಎಂಟು ವರ್ಷಗಳ ಬರವನ್ನು ನಾನು ಸಮರ್ಥಿಸುವುದಿಲ್ಲ.

2020ರ ಡ್ರಾಫ್ಟ್ ಮಾತ್ರ ಜನ ಹೇಳುವಷ್ಟು ಸರಳವಾಗಿರಲಿಲ್ಲ. ಆ ರಾತ್ರಿ ಪ್ಯಾಕರ್ಸ್ 30ರಿಂದ 26ಕ್ಕೆ ಏರಿ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್ ಅವರನ್ನು ಆರಿಸಿದಾಗ ವಿಸ್ಕಾನ್ಸಿನ್‌ನಲ್ಲಿ ಎದ್ದ ಕೂಗು ನಿಮಗೆ ನೆನಪಿರಬಹುದು. ಆ ಹೊತ್ತಿಗೆ ಆರು ರಿಸೀವರ್‌ಗಳು ಹೋಗಿಯಾಗಿತ್ತು. ಆರನೆಯವರಾದ ಬ್ರ್ಯಾಂಡನ್ ಐಯುಕ್ ಅವರನ್ನು ಸ್ಯಾನ್ ಫ್ರಾನ್ಸಿಸ್ಕೋ ಹಿಂದಿನ ಸರದಿಯಲ್ಲೇ, 25ರಲ್ಲಿ, ತೆಗೆದುಕೊಂಡಿತ್ತು. ಉಳಿದವರಲ್ಲಿ ಟೀ ಹಿಗ್ಗಿನ್ಸ್ 33ಕ್ಕೂ ಮೈಕಲ್ ಪಿಟ್‌ಮನ್ 34ಕ್ಕೂ ಹೋದರು. ಹಿಗ್ಗಿನ್ಸ್ ಅವರನ್ನು ಆರಿಸಿದ್ದರೆ ರಾಜರ್ಸ್ ಅವರ ಕೊನೆಯ ಮೂರು ವರ್ಷಗಳಿಗೆ ನೆರವಾಗುತ್ತಿತ್ತು ಎಂಬುದು ಸತ್ಯ. ಆದರೆ 2023ರಲ್ಲಿ ಆ ಕುರ್ಚಿಯಲ್ಲಿ ಕೂರಲು ಯಾರೂ ಇರುತ್ತಿರಲಿಲ್ಲ. ಆಡಳಿತ ಮುಂದಿನ ಹತ್ತು ವರ್ಷವನ್ನು ನೋಡಿತು, ಅಭಿಮಾನಿ ಮುಂದಿನ ಜನವರಿಯನ್ನು ನೋಡಿದ. ಎರಡೂ ಸಹಜ. ನನಗೆ ಅರ್ಥವಾಗದೆ ಉಳಿದದ್ದು ಲವ್ ಆಯ್ಕೆಯಲ್ಲ. ರಿಸೀವರ್‌ಗಳು ಅಷ್ಟು ತುಂಬಿದ್ದ ಆ ಡ್ರಾಫ್ಟ್‌ನ ಏಳೂ ಸುತ್ತುಗಳಲ್ಲಿ ಒಬ್ಬರನ್ನೂ ಮುಟ್ಟದೆ ಎದ್ದುಬಂದದ್ದು.

ಆ ಬರದ ಫಲವನ್ನು 2022ರ ಜನವರಿ 22ರಂದು ಪ್ಯಾಕರ್ಸ್‌ನ ಲ್ಯಾಂಬೋ ಮೈದಾನದ ಚಳಿಯಲ್ಲಿ ಕಂಡೆವು. ಸ್ಯಾನ್ ಫ್ರಾನ್ಸಿಸ್ಕೋ 13, ಪ್ಯಾಕರ್ಸ್ 10. ರಾಜರ್ಸ್ ಎಸೆದು ಗುರಿ ಸೇರಿದ 20 ಚೆಂಡುಗಳಲ್ಲಿ ಒಂಬತ್ತು ಆಡಮ್ಸ್ ಅವರಿಗೆ, ಒಂಬತ್ತು ಓಟಗಾರ ಆರನ್ ಜೋನ್ಸ್ ಅವರಿಗೆ. ಬೇರೆಯವರಿಗೆಲ್ಲ ಸೇರಿ ಎರಡು. ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ನಿಮ್ಮ ಕಡೆಗಿಲ್ಲ. ಆದರೆ ತಂಡದ ಕೊನೆಯ ಎಸೆತವನ್ನೂ ನೋಡಿ: ಮೂರನೆಯ ಪ್ರಯತ್ನ, 11 ಯಾರ್ಡ್ ಬೇಕು. ರಾಜರ್ಸ್ ಇಬ್ಬರು ಕಾವಲಿದ್ದ ಆಡಮ್ಸ್ ಕಡೆಗೇ ದೂರಕ್ಕೆ ಎಸೆದರು, ಚೆಂಡು ನೆಲಕ್ಕೆ ಬಿತ್ತು. ಮೈದಾನದ ನಡುವೆ ಅಡ್ಡ ಓಡುತ್ತಿದ್ದ ಅಲನ್ ಲಜಾರ್ಡ್ ಬಳಿ ಯಾರೂ ಇರಲಿಲ್ಲ. ಒಬ್ಬನ ಮೇಲೆ ಅಷ್ಟು ನಂಬಿಕೆ ಕೂತಾಗ ಕಣ್ಣು ಬೇರೆ ಕಡೆ ಹೊರಳುವುದಿಲ್ಲ. ಇನ್ನು ಆ ಪಂದ್ಯ ಕೈತಪ್ಪಿದ ನೇರ ಕಾರಣ, ಎದುರಾಳಿ ತಡೆದು ಟಚ್‌ಡೌನ್ ಮಾಡಿಕೊಂಡ ಒಂದು ಪಂಟ್ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವ ಒದೆತ).

ಎರಡು ತಿಂಗಳಾಗುವಷ್ಟರಲ್ಲಿ ಆಡಮ್ಸ್ ರೈಡರ್ಸ್ ತಂಡಕ್ಕೆ ಹೋದರು. ‘ಬಿಟ್ಟುಕೊಟ್ಟಿತು’ ಎಂದಿದ್ದೀರಿ. ಪ್ಯಾಕರ್ಸ್ ಅವರಿಗೆ ಫ್ರಾಂಚೈಸ್ ಟ್ಯಾಗ್ ಹಾಕಿತ್ತು, ಅಂದರೆ ಎರಡು ಕೋಟಿ ಡಾಲರ್ ಚಿಲ್ಲರೆಗೆ ಒಂದು ವರ್ಷ ಹಿಡಿದಿಡುವ ಹಕ್ಕು ಅದಕ್ಕಿತ್ತು. ದೀರ್ಘ ಒಪ್ಪಂದಕ್ಕೆ ರೈಡರ್ಸ್‌ಗೆ ಸರಿಸಮನಾದ ಹಣ ಕೊಡಲೂ ಸಿದ್ಧವಿತ್ತೆಂದು ಆಗ ವರದಿಯಾಗಿತ್ತು. ಆಡಮ್ಸ್ ಅವರಿಗೆ ಬೇಕಾಗಿದ್ದು ಫ್ರೆಸ್ನೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ತಮ್ಮ ಜೊತೆ ಆಡಿದ್ದ ರೈಡರ್ಸ್‌ನ ಕ್ವಾರ್ಟರ್‌ಬ್ಯಾಕ್ ಡೆರಿಕ್ ಕಾರ್. ಹೋಗಲು ಮನಸ್ಸು ಮಾಡಿದ 29 ವರ್ಷದ ಆಟಗಾರನನ್ನು ಟ್ಯಾಗ್‌ನಿಂದ ಕಟ್ಟಿಹಾಕಿ ಒಂದು ವರ್ಷ ಮುನಿಸಿನಲ್ಲಿ ಆಡಿಸುವುದೋ, ಮೊದಲ ಸುತ್ತಿನ 22ನೆಯ ಮತ್ತು ಎರಡನೆಯ ಸುತ್ತಿನ 53ನೆಯ ಆಯ್ಕೆಗಳನ್ನು ಪಡೆದು ಕಳುಹಿಸುವುದೋ? ಎರಡನೆಯದೇ ಸರಿ. ರೈಡರ್ಸ್ ಅವರಿಗೆ ಐದು ವರ್ಷಕ್ಕೆ 14 ಕೋಟಿ ಡಾಲರ್ ಬರೆದುಕೊಟ್ಟಿತು, ಅದರಲ್ಲಿ ಕೊನೆಯ ಎರಡು ವರ್ಷದ ಮೊತ್ತ ಬಹುಮಟ್ಟಿಗೆ ಕಾಗದದ್ದು. ಆಡಮ್ಸ್ 2022ರಲ್ಲಿ 1,516 ಯಾರ್ಡ್, 14 ಟಚ್‌ಡೌನ್ ಗಳಿಸಿ ತಮ್ಮ ಮಾತು ಉಳಿಸಿಕೊಂಡರು. ತಂಡ 6-11ಕ್ಕೆ ಕುಸಿಯಿತು, ಋತು ಮುಗಿಯುವ ಮೊದಲೇ ಕಾರ್ ಅವರನ್ನು ಕೂರಿಸಿತು, ಆಮೇಲೆ ಬಿಟ್ಟೇಬಿಟ್ಟಿತು. 2024ರ ಅಕ್ಟೋಬರ್‌ನಲ್ಲಿ ಆಡಮ್ಸ್ ಜೆಟ್ಸ್‌ಗೆ ಹೋದಾಗ ರೈಡರ್ಸ್‌ಗೆ ದೊರೆತದ್ದು ಷರತ್ತಿನ ಮೇಲೆ ಮೂರನೆಯ ಸುತ್ತಿನ ಒಂದು ಆಯ್ಕೆ. ತಪ್ಪು ಹುಡುಕಲೇಬೇಕೆಂದರೆ ಅದು 2022ರ ಮಾರ್ಚ್‌ನಲ್ಲಿಲ್ಲ, ಒಪ್ಪಂದದ ಮಾತುಕತೆ ಮುರಿದುಬಿದ್ದ 2021ರ ಬೇಸಿಗೆಯಲ್ಲಿದೆ. ಆಗ ಕೈಬಿಚ್ಚಿದ್ದರೆ ಅವರು ಉಳಿಯುತ್ತಿದ್ದರೋ ಏನೋ.

ಆಡಮ್ಸ್ ಹೋದ ಒಂದು ವಾರದೊಳಗೇ ಕ್ಯಾನ್ಸಸ್ ಸಿಟಿ ಚೀಫ್ಸ್ ಟೈರೀಕ್ ಹಿಲ್ ಅವರನ್ನು ಐದು ಆಯ್ಕೆಗಳಿಗೆ ಮಯಾಮಿಗೆ ಕಳುಹಿಸಿತು. ಆಗಲೂ ಇದೇ ಮಾತು ಕೇಳಿಬಂತು, ತಮ್ಮ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಅವರ ಕೈ ಕಟ್ಟಿದರೆಂದು. ಚೀಫ್ಸ್ ಮುಂದಿನ ಎರಡೂ ಸೂಪರ್ ಬೌಲ್ ಗೆದ್ದಿತು, ಅದೂ ಪ್ಯಾಕರ್ಸ್ ಉಳಿಸಿಕೊಳ್ಳದ ವಾಲ್ಡೆಸ್-ಸ್ಕ್ಯಾಂಟ್ಲಿಂಗ್ ಅವರನ್ನು ಇಟ್ಟುಕೊಂಡು.

ಪ್ಯಾಕರ್ಸ್‌ಗೆ ಅಂಥ ಸುಖಾಂತ್ಯ ಒದಗಲಿಲ್ಲ. 2022ರಲ್ಲಿ 8-9ರಲ್ಲಿ ಮುಗಿಸಿ ನಾಕೌಟ್ ತಪ್ಪಿಸಿಕೊಂಡಿತು. ಆದರೆ ಎರಡನೆಯ ಸುತ್ತಿಗೆ ಮರಳಿತ್ತು. ಆಡಮ್ಸ್ ಅವರಿಂದ ಬಂದ 53ನೆಯ ಸರದಿಗೆ ತನ್ನ 59ನೆಯದನ್ನು ಸೇರಿಸಿ ಮಿನ್ನೆಸೋಟಕ್ಕೆ ಕೊಟ್ಟು, 34ರಲ್ಲಿ ಕ್ರಿಶ್ಚಿಯನ್ ವಾಟ್ಸನ್ ಅವರನ್ನು ತಂದಿತು. ಎಂಟು ವರ್ಷ ಹಿಂದೆ ಆಡಮ್ಸ್ ಬಂದದ್ದೂ 53ರಲ್ಲೇ ಎಂಬುದು ಕಾಕತಾಳೀಯ. ನಾಲ್ಕನೆಯ ಸುತ್ತಿನಲ್ಲಿ ರೋಮಿಯೋ ಡೌಬ್ಸ್, 2023ರ ಎರಡನೆಯ ಸುತ್ತಿನಲ್ಲಿ ಜೇಡನ್ ರೀಡ್, ಐದನೆಯದರಲ್ಲಿ ಡೊಂಟೇವಿಯನ್ ವಿಕ್ಸ್ ಬಂದರು. ಈ ನಾಲ್ವರ ವಾರ್ಷಿಕ ವೇತನ ಒಟ್ಟು ಸೇರಿಸಿದರೂ ಒಂದು ಕೋಟಿ ಡಾಲರ್‌ಗೆ ಬಹಳ ಕೆಳಗೆ. ವಾಟ್ಸನ್ ತಮ್ಮ ಮೊದಲ ಪಂದ್ಯದಲ್ಲಿ, ತಂಡದ ಮೊದಲ ಆಟದಲ್ಲೇ, 75 ಯಾರ್ಡ್‌ಗಳ ಟಚ್‌ಡೌನ್ ಆಗಬಹುದಾಗಿದ್ದ ಚೆಂಡನ್ನು ಅಂಗೈಯಿಂದ ಬಿಟ್ಟರು. ನವೆಂಬರ್‌ನಲ್ಲಿ ಡಲ್ಲಾಸ್ ವಿರುದ್ಧ ಒಂದೇ ಪಂದ್ಯದಲ್ಲಿ ಮೂರು ಟಚ್‌ಡೌನ್ ಹಿಡಿದರು. 2023ರಲ್ಲಿ ಲವ್ ಕ್ವಾರ್ಟರ್‌ಬ್ಯಾಕ್ ಆದಾಗ ಅವರ ರಿಸೀವರ್‌ಗಳಲ್ಲಿ ಮೂರನೆಯ ವರ್ಷ ಕಂಡವರು ಒಬ್ಬರೂ ಇರಲಿಲ್ಲ. ಆ ಋತುವಿನಲ್ಲಿ ಲವ್ 4,159 ಯಾರ್ಡ್, 32 ಟಚ್‌ಡೌನ್ ಎಸೆದರು. ರೀಡ್ 64 ಚೆಂಡು ಹಿಡಿದು ತಂಡದ ಹೊಸಬರ ದಾಖಲೆ ಮುರಿದರು. ಜನವರಿಯಲ್ಲಿ ಡಲ್ಲಾಸ್‌ನಲ್ಲಿ 48-32ರಿಂದ ಗೆದ್ದ ನಾಕೌಟ್ ಪಂದ್ಯದಲ್ಲಿ ಡೌಬ್ಸ್ 151 ಯಾರ್ಡ್ ಗಳಿಸಿದರು. ಒಬ್ಬನೇ ನಾಯಕನಿಲ್ಲದ ಗುಂಪಿನಲ್ಲಿ ಎದುರಾಳಿ ಯಾರನ್ನು ಇಬ್ಬರಿಂದ ಕಾಯಬೇಕು ಎಂಬುದೇ ತಿಳಿಯುವುದಿಲ್ಲ. ಆ ದಿನ ಡಲ್ಲಾಸ್‌ಗೆ ಅದೇ ಆಯಿತು.

2024 ಅಷ್ಟು ಚೆನ್ನಾಗಿರಲಿಲ್ಲ. ಕೈಜಾರಿದ ಚೆಂಡುಗಳು ಹೆಚ್ಚಿದವು. 2025ರ ಜನವರಿಯಲ್ಲಿ ಬೇರ್ಸ್ ವಿರುದ್ಧ ವಾಟ್ಸನ್ ಅವರ ಮಂಡಿಯ ಅಸ್ಥಿರಜ್ಜು ಹರಿಯಿತು, ಮರುವಾರ ಫಿಲಡೆಲ್ಫಿಯಾದಲ್ಲಿ ಡೌಬ್ಸ್ ತಲೆಗೆ ಪೆಟ್ಟು ಬಿದ್ದು ಹೊರನಡೆದರು, ತಂಡ 22-10ರಿಂದ ಸೋತಿತು. ನಂಬಬಹುದಾದ ಒಬ್ಬ ಮುಖ್ಯ ರಿಸೀವರ್ ಬೇಕೆಂದು ತಂಡದ ಓಟಗಾರ ಜಾಶ್ ಜೇಕಬ್ಸ್ ಬಹಿರಂಗವಾಗಿಯೇ ಹೇಳಿದರು. ಆ ಮಾತಿಗೆ ತೂಕವಿದೆ. ಆದರೆ ಅಂಥವನ ಬೆಲೆಯನ್ನೂ ಕೇಳಬೇಕು: ಜೆಫರ್‌ಸನ್ 2024ರಲ್ಲಿ ವರ್ಷಕ್ಕೆ ಮೂರೂವರೆ ಕೋಟಿ ಡಾಲರ್‌ಗೆ, ಜಮಾರ್ ಚೇಸ್ 2025ರ ಮಾರ್ಚ್‌ನಲ್ಲಿ ನಾಲ್ಕು ಕೋಟಿ ಮೀರಿದ ಮೊತ್ತಕ್ಕೆ ಸಹಿ ಮಾಡಿದರು. ಲವ್ ಅವರಿಗೇ ವರ್ಷಕ್ಕೆ ಐದೂವರೆ ಕೋಟಿ ಕೊಡುತ್ತಿರುವ ತಂಡ ಇನ್ನೊಂದು ನಾಲ್ಕು ಕೋಟಿಯನ್ನು ಆ ಒಂದು ಸ್ಥಾನಕ್ಕೆ ಇಟ್ಟರೆ ಉಳಿದ ಐವತ್ತೊಂದು ಮಂದಿಯಲ್ಲಿ ಯಾರಿಗೆ ಕತ್ತರಿ ಹಾಕಬೇಕು? ಹಳೆಯ ಸೋಲುಗಳನ್ನು ನೆನೆದರೆ, ಮತ್ತೆ ರಕ್ಷಣೆಗೇ.

ಹೀಗಿರುವಾಗ ಗೋಲ್ಡನ್ ಆಯ್ಕೆಯನ್ನು ತಪ್ಪೊಪ್ಪಿಗೆ ಎಂದು ಓದಲು ನನಗೆ ಕಾರಣ ಕಾಣುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಡ್ರಾಫ್ಟ್ ನಡೆದದ್ದೇ ಗ್ರೀನ್ ಬೇಯಲ್ಲಿ. ನಿವೃತ್ತಿಯ ಅಂಚಿನಲ್ಲಿದ್ದ ಅಧ್ಯಕ್ಷ ಮಾರ್ಕ್ ಮರ್ಫಿ ವೇದಿಕೆಯಿಂದ ಆ ಹೆಸರು ಓದಿದಾಗ ಎದ್ದ ಹರ್ಷೋದ್ಗಾರದಲ್ಲಿ ‘ಅಂತೂ ಆರಿಸಿದರಲ್ಲ’ ಎಂಬ ಭಾವವಿತ್ತು ನಿಜ. ಆದರೆ ಆಡಳಿತದ ಮುಂದಿದ್ದ ಕಾಗದದಲ್ಲಿ ಬೇರೆ ಲೆಕ್ಕವಿತ್ತು. ವಾಟ್ಸನ್ ಮತ್ತು ಡೌಬ್ಸ್ ಇಬ್ಬರದೂ ನಾಲ್ಕು ವರ್ಷದ ಒಪ್ಪಂದ ಆ ಋತುವಿನ ಕೊನೆಗೆ ಮುಗಿಯುವುದಿತ್ತು, ವಾಟ್ಸನ್ ಮಂಡಿ ಇನ್ನೂ ಮಾಗಿರಲಿಲ್ಲ. 40 ಗಜವನ್ನು 4.29 ಸೆಕೆಂಡಿನಲ್ಲಿ ಓಡಿದ ಹುಡುಗ 23ನೆಯ ಸರದಿಯವರೆಗೂ ಉಳಿದಿದ್ದ. ಮೊದಲ ಸುತ್ತಿನ ಆಯ್ಕೆಯಾದ್ದರಿಂದ ಅವನನ್ನು ಐದನೆಯ ವರ್ಷವೂ ಉಳಿಸಿಕೊಳ್ಳುವ ಹಕ್ಕು ತಂಡಕ್ಕಿದೆ. ಎರಡನೆಯ ಸುತ್ತಿನವರಿಗೆ ಅದಿಲ್ಲ. ಮೂರನೆಯ ಸುತ್ತಿನಲ್ಲಿ ಸವಿಯನ್ ವಿಲಿಯಮ್ಸ್ ಎಂಬ ಇನ್ನೊಬ್ಬ ರಿಸೀವರ್‌ನನ್ನೂ ಆಡಳಿತ ತಂದಿತು. ಹಳಬರು ಹೊರಡುವ ಮೊದಲೇ ಹೊಸಬರನ್ನು ತಂದು ಅವರ ಬೆನ್ನಿಗೆ ನಿಲ್ಲಿಸುವುದು, 2008ರಲ್ಲಿ ಡ್ರೈವರ್ ಇನ್ನೂ ಆಡುತ್ತಿರುವಾಗಲೇ ನೆಲ್ಸನ್ ಅವರನ್ನೂ 2014ರಲ್ಲಿ ನೆಲ್ಸನ್ ಉತ್ತುಂಗದಲ್ಲಿರುವಾಗಲೇ ಆಡಮ್ಸ್ ಅವರನ್ನೂ ತಂದ ಕಚೇರಿಯ ಹಳೆಯ ಅಭ್ಯಾಸ. ಸುತ್ತು ಮಾತ್ರ ಈ ಬಾರಿ ಮೊದಲನೆಯದಾಯಿತು. ಆದ್ದರಿಂದ ಗೋಲ್ಡನ್ ಮೊದಲ ವರ್ಷ ಎಷ್ಟು ಯಾರ್ಡ್ ಗಳಿಸಿದರೆಂಬುದನ್ನು ಹಿಡಿದು ಈ ಆಯ್ಕೆಯನ್ನು ಹೊಗಳುವುದಾಗಲಿ ತೆಗಳುವುದಾಗಲಿ ಬೇಡ. ಆಡಮ್ಸ್ ಅವರಿಗೆ ಸಿಕ್ಕ ಮೂರನೆಯ ಋತು ಅವರಿಗೂ ಸಿಗಲಿ.